ಸೀಟ್ ಆತೇನ್ರೀ?

ಜುಲೈ ಬಂತೆಂದರೆ ಬಳ್ಳಾರಿ ಸೀಮೆಯಲ್ಲಿ ಎರಡೇ ಪ್ರಶ್ನೆ. ಒಂದು, "ಡ್ಯಾಮಿಗೆ ಎಷ್ಟು ಬಂತು?" ಇನ್ನೊಂದು, "ಸೀಟ್ ಆತೇನ್ರೀ?" ಮೊದಲನೆಯದಕ್ಕೆ ಉತ್ತರ ಟಿಎಂಸಿಯಲ್ಲಿ, ಎರಡನೆಯದಕ್ಕೆ ರ್‍ಯಾಂಕಿನಲ್ಲಿ. ಯಾವ ಸೀಟು ಅಂತ ಯಾರೂ ಬಿಡಿಸಿ ಕೇಳುವುದಿಲ್ಲ. ಬಸ್ಸಿನ ಸೀಟಲ್ಲ, ಮೆಡಿಕಲ್ ಸೀಟು ಅಂತ ಎಲ್ಲರಿಗೂ ಗೊತ್ತು. 133 ಟಿಎಂಸಿ ಹಿಡಿಯಲೆಂದು ಕಟ್ಟಿದ ತುಂಗಭದ್ರಾ ಜಲಾಶಯ ಹೂಳು ತುಂಬಿ 105ಕ್ಕೆ ಬಂದು ಕೂತಿದೆ ಅನ್ನುವುದನ್ನು ಸಿರುಗುಪ್ಪದ ಚಹಾದಂಗಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದೇ ಮನುಷ್ಯನಿಗೆ ಗ್ರಾಮೀಣ, ಎಚ್‌ಕೆ, 2ಎ, 3ಬಿ ಎಂದು ಕವಲೊಡೆದ ಕೋಟಾಗಳ ಹೋದ ವರ್ಷದ ಕಟ್‌ಆಫ್ ಕೂಡ ಬಾಯಿಪಾಠ. ಅವನ ಮಕ್ಕಳು ಇನ್ನೂ ಅಂಗನವಾಡಿಯಲ್ಲಿರಬಹುದು, ಅದು ಬೇರೆ ಮಾತು.

ಈ ಎರಡನೇ ಪ್ರಶ್ನೆ ಒಂದು ಮಧ್ಯಾಹ್ನ ಪೂರಾ ತಲೆಕೆಳಗಾಯಿತು. ನನ್ನ ಭಾವಮೈದುನ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಅವನ ಮಗಳು, ಅಂದರೆ ನನಗೆ ಸೊಸೆ, ರಜೆಗೆ ಬಂದಿದ್ದಳು. ಸಿರುಗುಪ್ಪದಲ್ಲಿ ನಮ್ಮ ಷಡ್ಡಕರ ಮನೆಯಲ್ಲಿ ಊಟ. ಷಡ್ಡಕರು ಭತ್ತದ ಒಕ್ಕಲುತನದವರು. ಕಾಲುವೆ ನೀರು, ಸೋನಾ ಮಸೂರಿಯ ರೇಟು, ಮಗಳ ಪಿಯುಸಿ, ಈ ಮೂರರ ಹೊರಗೆ ಅವರಿಗೆ ಲೋಕವಿಲ್ಲ. ಅಮೆರಿಕದ ಹುಡುಗಿಯನ್ನು ಏನು ಓದ್ತೀಯವ್ವ ಅಂದರು. ಅವಳು ತನ್ನ ಮುರುಕು ಕನ್ನಡದಲ್ಲಿ, "ಹಿಸ್ಟರಿ, ಮಾವ. ಆಮೇಲೆ ಡಾಕ್ಟರ್ ಆಗ್ತೀನಿ" ಅಂದಳು. ಷಡ್ಡಕರ ತುತ್ತು ಬಾಯಿಯ ಹತ್ತಿರ ನಿಂತಿತು.

"ಅಣ್ಣಾರ, ಹಿಸ್ಟರಿ ಓದಿ ಡಾಕ್ಟ್ರಾ?"

ನಾನು ಸೊಸೆಯ ಕಡೆ ನೋಡಿದೆ. ಅವಳು ಬಿಡಿಸಿ ಹೇಳಿದಳು. ಅಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ. ಅದು ಯಾವ ವಿಷಯದಲ್ಲಾದರೂ ಇರಬಹುದು: ಸಂಗೀತ, ಚರಿತ್ರೆ, ಗಣಿತ. ಪ್ರೀ-ಮೆಡ್ ಅನ್ನುವುದು ಒಂದು ಡಿಗ್ರಿಯಲ್ಲ, ಅದೊಂದು ತಯಾರಿ. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಇವನ್ನೆಲ್ಲ ಲ್ಯಾಬ್ ಸಮೇತ ಆ ನಾಲ್ಕು ವರ್ಷದೊಳಗೆ ಎಲ್ಲೆಲ್ಲಿ ತೂರಿಸಬೇಕು, ಎಂಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಯಾವಾಗ ಬರೆಯಬೇಕು ಅಂತ ಲೆಕ್ಕ ಹಾಕಿ ಇಡಬೇಕು. ಆ ಪರೀಕ್ಷೆ ಬಿಡುವೂ ಸೇರಿ ಏಳೂವರೆ ಗಂಟೆ. 472ರಿಂದ 528ರವರೆಗೆ ಅಂಕ. ಅದರಲ್ಲಿ ಒಂದು ಭಾಗದಲ್ಲಿ ವಿಜ್ಞಾನದ ಸುಳಿವೇ ಇಲ್ಲ. ಸಾಹಿತ್ಯದ್ದೋ ಸಮಾಜದ್ದೋ ಒಂದು ಬರಹ ಕೊಟ್ಟು, ಬರೆದವನು ಏನನ್ನುತ್ತಾನೆ ಹೇಳು ಅನ್ನುತ್ತಾರೆ. 2015ರಿಂದ ಮನಶ್ಶಾಸ್ತ್ರ, ಸಮಾಜಶಾಸ್ತ್ರವೂ ಸೇರಿವೆ. ಇದರ ಜೊತೆಗೆ ಡಾಕ್ಟರೊಬ್ಬರ ಬೆನ್ನ ಹಿಂದೆ ನಿಂತು ಅವರ ಕೆಲಸ ನೋಡಬೇಕು, ಆಸ್ಪತ್ರೆಯಲ್ಲಿ ಪುಕ್ಕಟೆ ಸೇವೆ ಮಾಡಬೇಕು. ಎಷ್ಟು ಗಂಟೆ ಮಾಡಿದೆ ಅಂತ ಅರ್ಜಿಯಲ್ಲಿ ತುಂಬಬೇಕು. ಸೊಸೆ ಫೋನಿನಲ್ಲಿ ತನ್ನ ಎಕ್ಸೆಲ್ ಶೀಟು ತೆಗೆದು ತೋರಿಸಿದಳು. ವೃದ್ಧರ ಆಶ್ರಮದಲ್ಲಿ ಅಜ್ಜಿಯರಿಗೆ ಪುಸ್ತಕ ಓದಿದ್ದಕ್ಕೆ ಇಷ್ಟು ಗಂಟೆ, ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಗಾಲಿಕುರ್ಚಿ ತಳ್ಳಿದ್ದಕ್ಕೆ ಇಷ್ಟು ಗಂಟೆ.

ಷಡ್ಡಕರು ಬಹಳ ಹೊತ್ತು ಯೋಚಿಸಿ, "ಇಪ್ಪತ್ತೆರಡಕ್ಕೆ ಮೆಡಿಕಲ್ ಶುರು ಮಾಡಿದ್ರೆ ಮದುವಿ ಯಾವಾಗ್ರೀ?" ಅಂದರು. ಒಳಗಿನಿಂದ ಅವರ ಹೆಂಡತಿ, "ಮೊದ್ಲು ಮಜ್ಜಿಗಿ ಬಡಿಸಿಕೊಳ್ರಿ" ಅಂತ ಆ ಚರ್ಚೆಯನ್ನು ಅಲ್ಲಿಗೇ ಮುಗಿಸಿದರು.

ಅಮೆರಿಕದವರೂ ಹುಟ್ಟುತ್ತಲೇ ಹೀಗಿರಲಿಲ್ಲ. ಡಿಗ್ರಿ ಆದವರನ್ನೇ ಸೇರಿಸಿಕೊಳ್ಳುತ್ತೇವೆ ಅಂತ 1893ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವೈದ್ಯಕೀಯ ಶಾಲೆ ಹಟ ಹಿಡಿದಾಗ ಅದು ವಿಚಿತ್ರವಾಗಿಯೇ ಕಂಡಿತ್ತು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅನ್ನುವ ಮೇಷ್ಟ್ರು ಆ ದೇಶದ ಮತ್ತು ಕೆನಡಾದ 155 ಮೆಡಿಕಲ್ ಶಾಲೆಗಳನ್ನು ಸುತ್ತಿ ವರದಿ ಬರೆದಾಗ, ಎರಡು ವರ್ಷವಾದರೂ ಕಾಲೇಜು ಓದಿರಬೇಕು ಅನ್ನುತ್ತಿದ್ದದ್ದು ಬರೀ 16. ಉಳಿದ ಎಷ್ಟೋ ಕಡೆ ದುಡ್ಡು ಕಟ್ಟಿದರೆ ಸಾಕಿತ್ತು. ಆ ಒಂದು ವರದಿಗೆ ಎಷ್ಟೋ ಶಾಲೆಗಳು ಬಾಗಿಲು ಹಾಕಿದವು. ನಮ್ಮಲ್ಲಿ ವರದಿಗಳು ಇನ್ನೂ ಹೆಚ್ಚು ಬರುತ್ತವೆ. ಬಾಗಿಲುಗಳೂ ಹೆಚ್ಚುತ್ತಲೇ ಇವೆ.

ಇರಲಿ. ನಮ್ಮ ಕಡೆ ಆ ನಾಲ್ಕು ವರ್ಷವೇ ಇಲ್ಲ. ಡಿಸೆಂಬರ್ 31ಕ್ಕೆ ಹದಿನೇಳು ತುಂಬಿದರೆ ಮೆಡಿಕಲ್‌ಗೆ ಅರ್ಹ. ಹಾಗಾದರೆ ನಾವು ಯೋಜನೆ ಮಾಡುವುದಿಲ್ಲವೇ ಅಂದರೆ, ಅಮೆರಿಕದವರು ಡಿಗ್ರಿಯ ಮೊದಲ ವರ್ಷದಲ್ಲಿ ಕೂತು ಮಾಡುವುದನ್ನು ನಾವು ಒಂದನೇ ಕ್ಲಾಸಿನಲ್ಲೇ ಮುಗಿಸಿರುತ್ತೇವೆ. ಅದಕ್ಕೆ ಸಾಕ್ಷಿ ಕುರುಗೋಡಿನ ಹತ್ತಿರದ ಹಳ್ಳಿಯಲ್ಲಿರುವ ನಮ್ಮಕ್ಕ.

ಅಕ್ಕನ ಮನೆಯವರದು ಮೆಣಸಿನಕಾಯಿ ಹೊಲ. ಅವಳ ಮೈದುನ ತನ್ನ ಮಕ್ಕಳನ್ನು ಎಲ್‌ಕೆಜಿಗೇ ಬಳ್ಳಾರಿಯ ಕಾನ್ವೆಂಟಿಗೆ ಹಾಕಿ ಮನೆ ಮಾಡಿದ. ಅಕ್ಕ ಜಪ್ಪಯ್ಯ ಅನ್ನಲಿಲ್ಲ. ತನ್ನ ಮಗನನ್ನು ಊರ ಸರ್ಕಾರಿ ಕನ್ನಡ ಶಾಲೆಯಲ್ಲೇ ಹತ್ತನೆಯವರೆಗೂ ಓದಿಸಿದಳು. ಕನ್ನಡದ ಮೇಲೆ ಎಂಥ ಅಭಿಮಾನ ಅಂತ ರಾಜ್ಯೋತ್ಸವಕ್ಕೆ ಊರಿನವರು ಅವಳಿಗೆ ಶಾಲೂ ಹೊದಿಸಿದರು. ಅಭಿಮಾನ ಇತ್ತೋ ಇಲ್ಲವೋ ನಾ ಕಾಣೆ. ಲೆಕ್ಕ ಮಾತ್ರ ಪಕ್ಕಾ ಇತ್ತು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದರೆ ಗ್ರಾಮೀಣ ಕೋಟಾ, ನೂರಕ್ಕೆ 15. ಕನ್ನಡದಲ್ಲೇ ಓದಿದರೆ ಕನ್ನಡ ಮಾಧ್ಯಮದ ಕೋಟಾ, ನೂರಕ್ಕೆ 5. ನಡುವೆ ಒಂದೇ ಒಂದು ವರ್ಷ ಪೇಟೆ ಶಾಲೆಗೆ ಹೋದರೂ ಗ್ರಾಮೀಣ ಕೋಟಾ ಕೈಬಿಟ್ಟಂತೆ. ಕುರುಗೋಡಿಗೆ ಪುರಸಭೆ ಬಂದಾಗ ಜನ ಬೀದಿದೀಪ ಬಂತು, ಚರಂಡಿ ಬಂತು ಅಂತ ಹಿಗ್ಗಿದರೆ, ಅಕ್ಕ ನನಗೆ ಫೋನ್ ಮಾಡಿ, "ನಮ್ಮೂರು ಪುರಸಭಿಗೆ ಸೇರಿಲ್ಲ ಹೌದಲ್ಲೋ?" ಅಂತ ಗಾಬರಿಯಾಗಿ ಕೇಳಿದ್ದಳು. ದೊಡ್ಡಬಸವೇಶ್ವರನ ತೇರಿಗೆ ಹೋದಾಗ ಅವಳು ಹೊತ್ತ ಹರಕೆಯಲ್ಲೂ ಈ ಅಂಶ ಇತ್ತೆಂದು ನನ್ನ ಗುಮಾನಿ.

ಅಕ್ಕನ ಮನೆಯ ದೇವರ ಜಗಲಿಯ ಮೇಲೆ ಒಂದು ನೀಲಿ ಪ್ಲಾಸ್ಟಿಕ್ ಫೈಲಿದೆ. ಗುಂಡಿ ಒತ್ತಿ ಮುಚ್ಚುವಂಥದ್ದು, ಮೂಲೆಗೆ ಕುಂಕುಮ ಮೆತ್ತಿರುತ್ತದೆ. ಒಳಗೆ ಹೆಡ್‌ಮಾಸ್ತರರ ಸಹಿ, ದುಂಡು ಸೀಲು, ಅದರ ಕೆಳಗೆ ಬಿಇಒ ಸಾಹೇಬರ ಮೇಲುರುಜು ಇರುವ ಗ್ರಾಮೀಣ ವ್ಯಾಸಂಗ ಪತ್ರ. ಕನ್ನಡ ಮಾಧ್ಯಮದ್ದು ಇನ್ನೊಂದು. ನಾಡಕಚೇರಿಯ ಜಾತಿ-ಆದಾಯ ಪತ್ರ. ಎ.ಸಿ. ಆಫೀಸಿನ 371ಜೆ ಅರ್ಹತಾ ಪತ್ರ. ಪ್ರತಿಯೊಂದಕ್ಕೂ ಐದೈದು ಜೆರಾಕ್ಸ್. ಎಲ್ಲದರ ತಳದಲ್ಲಿ ಒಂದು ಅಫಿಡವಿಟ್. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹುಡುಗನ ಇನಿಷಿಯಲ್ ಹೆಸರಿನ ಮುಂದೆ ಬಂದಿದೆ, ಆಧಾರಿನಲ್ಲಿ ಹಿಂದೆ ಹೋಗಿದೆ. ಇಬ್ಬರೂ ಒಬ್ಬನೇ ಅಂತ ನೋಟರಿ ಮುಂದೆ ಪ್ರಮಾಣ ಮಾಡಿಸಿದ್ದಾಳೆ. ಲ್ಯಾಮಿನೇಷನ್ ಮಾಡಿಸಬಾರದು ಅನ್ನುವುದೂ ಅವಳಿಗೆ ಗೊತ್ತು. ಹುಡುಗನಿಗೆ ಮೂರನೇ ಮಗ್ಗಿ ಬರುವ ಮೊದಲೇ ಇವುಗಳ ಪಟ್ಟಿ ಅವಳ ಬಾಯಲ್ಲಿತ್ತು.

371ಜೆ ವಿಷಯ ಬಂತಲ್ಲ, ಅದರಲ್ಲೊಂದು ತಮಾಷೆ ಇದೆ. ಹೈದರಾಬಾದಿನ ನಿಜಾಮರು ಬಳ್ಳಾರಿಯನ್ನು 1800ರಲ್ಲೇ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟು ಕೈ ತೊಳೆದುಕೊಂಡಿದ್ದರು. ಆಮೇಲೆ ನಾವು ಮದ್ರಾಸಿನವರಾದೆವು. 1953ರ ಅಕ್ಟೋಬರ್ 1ಕ್ಕೆ, ಏಕೀಕರಣಕ್ಕೂ ಮೂರು ವರ್ಷ ಮೊದಲು, ಮೈಸೂರಿನವರಾದೆವು. ಇಷ್ಟೆಲ್ಲ ಆದಮೇಲೆ 2012ರ ಸಂವಿಧಾನ ತಿದ್ದುಪಡಿ 371ಜೆ ವಿಧಿ ತಂದು ನಮ್ಮನ್ನು ಮತ್ತೆ ಹೈದರಾಬಾದ್-ಕರ್ನಾಟಕದ ಲೆಕ್ಕಕ್ಕೆ ಹಾಕಿತು. ನಿಜಾಮರು ಬೇಡ ಅಂದರೂ ಸಂವಿಧಾನ ಬೇಕು ಅಂದಿತು. ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಈ ಭಾಗದ ಮಕ್ಕಳಿಗೆ, ರಾಜ್ಯದ ಉಳಿದ ಕಡೆ ನೂರಕ್ಕೆ 8. 2019ರಲ್ಲಿ ಕಲ್ಯಾಣ ಕರ್ನಾಟಕ ಅಂತ ಹೆಸರು ಬದಲಾದರೂ ಅಕ್ಕನ ಬಾಯಲ್ಲಿ ಅದು ಇವತ್ತಿಗೂ ಎಚ್‌ಕೆ ಸರ್ಟಿಫಿಕೇಟೇ.

ಕೋಟಾ ಅಂದರೆ ಮೂಗು ಮುರಿಯುವವರು ನಮ್ಮ ಬಳಗದಲ್ಲೂ ಇದ್ದಾರೆ. ಅಕ್ಕನ ಮೈದುನನೇ ಮೊದಲಿಗ. ನಾನು ಅವರ ಜೊತೆ ವಾದಕ್ಕೆ ಇಳಿಯುವುದಿಲ್ಲ. ಬೇಕಾದರೆ ಹಳ್ಳಿಯ ಶಾಲೆಗೆ ಒಂದು ಮಳೆಗಾಲ ಹೋಗಿಬನ್ನಿ ಅನ್ನುತ್ತೇನೆ. ಈ ಜಗಳ ಹೊಸದೂ ಅಲ್ಲ. ಬಳ್ಳಾರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು 1961ರಲ್ಲಿ, ಹುಬ್ಬಳ್ಳಿಗೆ ಬಂದ ನಾಲ್ಕು ವರ್ಷಕ್ಕೆ. ಅದೇ ವರ್ಷ ನಾಗನಗೌಡ ಸಮಿತಿ ಹಿಂದುಳಿದವರ ವರದಿ ಕೊಟ್ಟಿತು. 1962ರಲ್ಲಿ ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ನೂರಕ್ಕೆ 68 ಮೀಸಲಿಟ್ಟಿತು. ಬಾಲಾಜಿ ಅನ್ನುವವರು ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟು ಆಗದು, ಅರ್ಧದೊಳಗೆ ಇರಲಿ ಅಂತ ಕೋರ್ಟು ಹೇಳಿತು. ಇವತ್ತು ದೇಶದ ತುಂಬ ಐವತ್ತರ ಮಿತಿ ಅಂತ ಟಿವಿಯವರು ಕೂಗಾಡುವುದರ ಬೇರು ಮೈಸೂರು ರಾಜ್ಯದ ಆ ಸೀಟುಗಳಲ್ಲಿದೆ.

ಅದಕ್ಕೂ ಹಿಂದೆ ಇಲ್ಲಿಯ ಹುಡುಗರು ಡಾಕ್ಟರಾಗಬೇಕೆಂದರೆ ಮದ್ರಾಸಿನ ರೈಲು ಹತ್ತಬೇಕಿತ್ತು. 1945ರಲ್ಲಿ ವೀರಶೈವ ಕಾಲೇಜು ಶುರುವಾದಮೇಲೆ ಇಂಟರ್‌ಮೀಡಿಯೆಟ್‌ವರೆಗಾದರೂ ಮನೆ ಊಟ ಸಿಕ್ಕಿತು. ಆಮೇಲೆ ಪಿಯುಸಿ ಒಂದೇ ವರ್ಷವಿದ್ದ ಕಾಲದಲ್ಲಿ, ಅದಾದ ಮೇಲೆ ಪ್ರಿ-ಪ್ರೊಫೆಷನಲ್ ಅಂತ ಇನ್ನೊಂದು ವರ್ಷ. ನನಗೆ ಪರಿಚಯದ ಹಳೆಯ ಡಾಕ್ಟರೊಬ್ಬರು ಆ ವರ್ಷವನ್ನು ನೆನೆಸಿಕೊಂಡರೆ ಸಾಕು, ಮುಖ ಅರಳಿಸುತ್ತಾರೆ. ಬೆಳಿಗ್ಗೆ ಕಪ್ಪೆ ಕೊಯ್ಯುವುದು, ಸಂಜೆ ನಾಟಕ ನೋಡುವುದು, ನಡುವೆ ಕೋಟೆ ಗುಡ್ಡ ಹತ್ತುವುದು. ಆ ಒಂದು ವರ್ಷ ನಮ್ಮ ಪಾಲಿನ ಪ್ರೀ-ಮೆಡ್ ಆಗಿತ್ತೇನೋ. ಎರಡು ವರ್ಷದ ಪಿಯುಸಿ ಬಂದು ಅದನ್ನು ನುಂಗಿತು. 1984ರಲ್ಲಿ ಕ್ಯಾಪಿಟೇಶನ್ ತಡೆಯುವ ಕಾಯ್ದೆ ಬಂತು, 1994ರಲ್ಲಿ ಸಿಇಟಿ. 2013ರಲ್ಲಿ ನೀಟ್ ಒಮ್ಮೆ ಮುಖ ತೋರಿಸಿ ಕೋರ್ಟಿನಲ್ಲಿ ಬಿದ್ದುಹೋಯಿತು, 2016ರಲ್ಲಿ ಎದ್ದು ಬಂದು ಕೂತದ್ದು ಇನ್ನೂ ಕೂತಿದೆ.

ನೀಟ್ ಬಂದಮೇಲೆ ಪಿಯುಸಿ ಒಂದು ಶಾಸ್ತ್ರವಾಯಿತು. ಪಿಸಿಬಿಯಲ್ಲಿ ನೂರಕ್ಕೆ ಐವತ್ತು, ಮೀಸಲಾತಿಯವರಿಗೆ ನಲವತ್ತು ಬಂದರೆ ಮುಗೀತು. ಮಿಕ್ಕ ಹಣೆಬರಹವೆಲ್ಲ ಮೇ ತಿಂಗಳ ಒಂದು ಮಧ್ಯಾಹ್ನದ ಮೂರು ಗಂಟೆಯಲ್ಲಿ. 180 ಪ್ರಶ್ನೆ, 720 ಅಂಕ. ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಟ್. ಅರ್ಧ ಪೇಪರು ಬಯಾಲಜಿ, ಅದು ಎನ್‌ಸಿಇಆರ್‌ಟಿ ಪುಸ್ತಕದ ಸಾಲುಸಾಲು. ಉಳಿದರ್ಧದಲ್ಲಿ ಫಿಸಿಕ್ಸ್ ಅನ್ನುವ ಯಮ. ಷಡ್ಡಕರ ಮಗಳು ಬಳ್ಳಾರಿಯ ಪಾರ್ವತಿ ನಗರದಲ್ಲಿ ಹಾಸ್ಟೆಲಿನಲ್ಲಿದ್ದಾಗ ನೋಡಲು ಹೋಗಿದ್ದೆ. ಮಂಚದ ಮೇಲಿನ ಗೋಡೆಗೆ ಟೈಮ್‌ಟೇಬಲ್ ಅಂಟಿಸಿದ್ದಳು. ಬೆಳಿಗ್ಗೆ ನಾಲ್ಕೂವರೆಯಿಂದ ರಾತ್ರಿ ಹನ್ನೊಂದರವರೆಗೆ ಹಳದಿ, ಹಸಿರು, ಕೆಂಪು ಸ್ಕೆಚ್ ಪೆನ್ನಿನ ಚೌಕಗಳು. ರವಿವಾರ ಸಂಜೆ ಮಾತ್ರ ಒಂದು ಸಣ್ಣ ಬಿಳಿ ಚೌಕ. ಅದರೊಳಗೆ ಪೆನ್ಸಿಲ್ಲಿನಲ್ಲಿ 'ವಗ್ಗರಣಿ ಮಿರ್ಚಿ' ಅಂತ ಬರೆದಿತ್ತು. ಆಮೇಲೆ ಅದನ್ನೂ ಅಡ್ಡ ಹೊಡೆದು 'ಮಾಕ್ ಟೆಸ್ಟ್' ಮಾಡಿದ್ದಳು. ಬಳ್ಳಾರಿಯಲ್ಲಿದ್ದುಕೊಂಡು ಮಿರ್ಚಿ ಬಿಡುವುದೆಂದರೆ ಅದು ಎಂಥ ವೈರಾಗ್ಯ ಅನ್ನುವುದು ಹೊರಗಿನವರಿಗೆ ತಿಳಿಯದು.

ಅಕ್ಕನ ಮಗನ ಕಷ್ಟ ಬೇರೆ ಥರದ್ದು. ಹತ್ತು ವರ್ಷ ದ್ಯುತಿಸಂಶ್ಲೇಷಣೆ ಅಂತ ಓದಿದವ ಜೂನಿನಲ್ಲಿ ಬಳ್ಳಾರಿಯ ಪಿಯು ಕಾಲೇಜಿನಲ್ಲಿ ಕೂತರೆ ಮೇಷ್ಟ್ರು ಇಂಗ್ಲಿಷಿನಲ್ಲಿ ಶುರುಮಾಡಿ, ಅರ್ಥವಾಗದವರಿಗೆ ತೆಲುಗಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಕೋಚಿಂಗಿನವರು ಬಹಳ ಮಂದಿ ಆಂಧ್ರದ ಕಡೆಯವರು. 'ಅರ್ಥಮೈಂದಾ?' ಅಂದರೆ ಇವನು ಹೂಂ ಅನ್ನುತ್ತಿದ್ದ, ಏಕೆಂದರೆ ಆ ಪ್ರಶ್ನೆಯೊಂದೇ ಅವನಿಗೆ ಅರ್ಥವಾಗುತ್ತಿದ್ದದ್ದು. ನೀಟ್ ಪೇಪರು ಕನ್ನಡದಲ್ಲೂ ಬರುತ್ತದೆ ನಿಜ. ಪಾಠ, ಪುಸ್ತಕ, ಮಾಕ್ ಟೆಸ್ಟ್ ಯಾವುದೂ ಕನ್ನಡದಲ್ಲಿಲ್ಲದ ಮೇಲೆ ಪೇಪರೊಂದನ್ನು ಕನ್ನಡದಲ್ಲಿ ಕೇಳುವ ಧೈರ್ಯ ಯಾರಿಗೆ ಬರುತ್ತದೆ?

ಮೊದಲ ಸಲಕ್ಕೆ ಅವನಿಗೆ ಸೀಟ್ ಆಗಲಿಲ್ಲ. ಆಗ ನಮ್ಮ ಸೀಮೆಯ ಇನ್ನೊಂದು ದೊಡ್ಡ ಸಂಸ್ಥೆ ಬಾಗಿಲು ತೆರೆಯುತ್ತದೆ: ಲಾಂಗ್ ಟರ್ಮ್. ಪಿಯುಸಿ ಮುಗಿದ ಮಕ್ಕಳು ವಿಜಯವಾಡದಲ್ಲೋ ಹೈದರಾಬಾದಿನಲ್ಲೋ ಮೂಡಬಿದಿರೆಯಲ್ಲೋ ಒಂದು ವರ್ಷ ಕೂತು ಅದನ್ನೇ ಮತ್ತೆ ಓದುವುದು. ಮನೆಯವರು ಇದನ್ನು ನೆಂಟರ ಮುಂದೆ ಹೇಳುವಾಗ ದನಿ ಇಳಿಸುತ್ತಾರೆ. ಹುಡುಗ ಎಲ್ಲಿ ಅಂದರೆ "ಓದಕ್ಕ್ ಹೋಗ್ಯಾನ" ಅಷ್ಟೇ. ಷಡ್ಡಕರ ತಮ್ಮನ ಮಗ ಹಾಗೆ ಹೋದವನು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಅವರ ಮನೆಯಲ್ಲಿ ಮೊದಲು ಬಂದ ಮಾತು, ಎರಡನೇ ಬೆಳೆ ಹೋದರೆ ವಿಜಯವಾಡದ ಎರಡನೇ ಕಂತು ಎಲ್ಲಿಂದ ತರೋದು ಅಂತ. ಕನ್ನಯ್ಯ ನಾಯ್ಡು ಅನ್ನುವ ಹಿರಿಯ ಎಂಜಿನಿಯರ್ ಬಂದು, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ, ವಾರದೊಳಗೆ ನೀರು ನಿಲ್ಲಿಸಿದರು. ಆ ಒಂದು ವಾರ ಮಾತ್ರ ಸಿರುಗುಪ್ಪದಲ್ಲಿ ಎಲ್ಲರಿಗೂ ತಮ್ಮ ಮಗ ಎಂಜಿನಿಯರ್ ಆಗಬೇಕಿತ್ತು ಅನ್ನಿಸಿತ್ತು. ಗೇಟು ಕೂತಿತು, ಜನ ಮತ್ತೆ ಬಯಾಲಜಿಗೆ ತಿರುಗಿದರು.

ಅಕ್ಕ ಮಗನನ್ನು ದೂರ ಕಳಿಸಲಿಲ್ಲ. ಮೆಣಸಿನಕಾಯಿ ರೇಟು ಬಿದ್ದ ವರ್ಷ ಅದು, ಬ್ಯಾಡಗಿಗೆ ಒಯ್ದ ಚೀಲಕ್ಕೆ ಬಾಡಿಗೆ ಹುಟ್ಟಿದರೆ ಸಾಕೆನ್ನುವಂತಿತ್ತು. ಹುಡುಗ ಬಳ್ಳಾರಿಯಲ್ಲೇ ಬಿಎಸ್ಸಿಗೆ ಹೆಸರು ಹಚ್ಚಿ, ನೀಟ್‌ಗೂ ಓದುತ್ತಿದ್ದ. ಬಿಎಸ್ಸಿಗೆ ಸೇರಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಡಿಗ್ರಿಗೆ ಹೋದ ಅಂದರೆ ಡಾಕ್ಟರ್ ಆಸೆ ಬಿಟ್ಟ ಅಂತ ಅರ್ಥ ನಮ್ಮಲ್ಲಿ. ಮೊದಲಾದರೆ ಇಪ್ಪತ್ತೈದಕ್ಕೆ ನೀಟ್ ಬಾಗಿಲು ಮುಚ್ಚುತ್ತಿತ್ತು. 2022ರಲ್ಲಿ ಆ ವಯಸ್ಸಿನ ಮಿತಿ ತೆಗೆದುಹಾಕಿದ್ದಾರೆ. ಆದರೂ ಡಿಗ್ರಿ ಮುಗಿಸಿ ಬಂದವನನ್ನು ನಾವು ತಡವಾಗಿ ಬಂದವ ಅಂತಲೇ ನೋಡುತ್ತೇವೆ. ಅಮೆರಿಕದವರು ಅವನನ್ನೇ ಸರಿಯಾದ ಹೊತ್ತಿಗೆ ಬಂದವ ಅನ್ನುತ್ತಾರೆ.

ಅದೇ ವರ್ಷ ಅಕ್ಕನ ಅತ್ತೆಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಕೀವಾಯಿತು. ಅಜ್ಜಿಯನ್ನು ವಿಮ್ಸ್‌ಗೆ ಸೇರಿಸಿದರು. ಬೋರ್ಡಿನ ಮೇಲೆ ಈಗ ಬಳ್ಳಾರಿ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಸಂಶೋಧನಾ ಕೇಂದ್ರ ಅಂತಿದೆ, ಆಟೋದವರಿಗೆ ವಿಮ್ಸ್ ಅನ್ನದಿದ್ದರೆ ಗಾಡಿ ಹೊರಡುವುದಿಲ್ಲ. ಮನೆಯಲ್ಲಿ ಬಿಡುವಿರುವ ಗಂಡಾಳು ಇವನೊಬ್ಬನೇ ಅಂತ ಅಜ್ಜಿಯ ಕಾವಲಿಗೆ ಇವನನ್ನೇ ಕೂರಿಸಿದರು. ಕಂಕುಳಲ್ಲಿ ಫಿಸಿಕ್ಸ್ ಪುಸ್ತಕ, ಕೈಯಲ್ಲಿ ಅಜ್ಜಿಯ ಚೀಟಿ. ಓಪಿಡಿಗೆ ಅನಂತಪುರ, ಕರ್ನೂಲು ಕಡೆಯವರೂ ಬರುತ್ತಾರೆ. ತೆಲುಗು, ಉರ್ದು, ಲಂಬಾಣಿ ಎಲ್ಲ ಒಂದೇ ಬೆಂಚಿನಲ್ಲಿ. ಕೋಚಿಂಗಿನಲ್ಲಿ ಬರದ ತೆಲುಗು ಹುಡುಗನಿಗೆ ಆ ಬೆಂಚಿನ ಮೇಲೆ ಬಂತು. ಯಾರ ಚೀಟಿ ಎಲ್ಲಿಗೆ, ರಕ್ತ ಎಲ್ಲಿ ಕೊಡಬೇಕು, ಎಕ್ಸ್‌ರೇ ಎಷ್ಟನೇ ರೂಮು ಅಂತ ಕೇಳಿಕೊಂಡು ಬರುವವರಿಗೆಲ್ಲ ಇವನೇ ದಾರಿ ತೋರಿಸತೊಡಗಿದ.

ಒಂದು ದಿನ ಗಡಿಯಾಚೆಯಿಂದ ಬಂದ ಕೂಲಿ ಹೆಂಗಸೊಬ್ಬಳಿಗೆ ಹೌಸ್‌ಸರ್ಜನ್ ಹುಡುಗಿ ಗುಳಿಗೆ ಬರೆದು, ದಿನಕ್ಕೆ ಮೂರು ಹೊತ್ತು ಊಟ ಆದಮೇಲೆ ತಗೋ ಅಂದಳಂತೆ. ಹೆಂಗಸು ತಲೆ ಆಡಿಸಿ ಹೊರಗೆ ಬಂದು ಇವನ ಪಕ್ಕ ಕೂತು ತೆಲುಗಿನಲ್ಲಿ ಕೇಳಿದಳು: ನಾವು ಉಣ್ಣೋದು ಎರಡೇ ಹೊತ್ತು, ಮೂರನೇ ಗುಳಿಗೆ ಏನು ಮಾಡಲಿ, ಇಟ್ಟುಕೊಂಡು ನಾಳೆ ನುಂಗಲಾ? ಹುಡುಗ ಅವಳನ್ನು ಕರೆದುಕೊಂಡು ವಾಪಸ್ ಒಳಗೆ ಹೋದ. ಆ ಡಾಕ್ಟರಮ್ಮ ಬೇಜಾರು ಮಾಡಿಕೊಳ್ಳದೆ ಕೂತು ಕೇಳಿ, ಎರಡು ಹೊತ್ತಿನ ಬೇರೆ ಗುಳಿಗೆ ಬರೆದು, ಇವನಿಗೆ "ಥ್ಯಾಂಕ್ಸ್" ಅಂದರಂತೆ. ರಾತ್ರಿ ನನಗೆ ಫೋನು. ಮಾವ, ಹಿಂಗಾತು ಅಂತ ಅರ್ಧ ಗಂಟೆ ಹೇಳಿದ. ಅದರ ಹಿಂದಿನ ವಾರ ಮಾಕ್ ಟೆಸ್ಟಿನಲ್ಲಿ ಐನೂರು ದಾಟಿದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದವನು ಇವನೇ.

ಟೆಕ್ಸಾಸಿನ ಸೊಸೆಯ ಎಕ್ಸೆಲ್ ಶೀಟಿನಲ್ಲಿ ಇದಕ್ಕೊಂದು ಸಾಲಿರುತ್ತಿತ್ತು. ನಮ್ಮಲ್ಲಿ ಇದು ವೇಸ್ಟ್ ಆದ ಟೈಮು. ಅಕ್ಕನಂತೂ ನನ್ನ ಮುಂದೆಯೇ, "ಅಜ್ಜಿ ಕಾಲಾಗ ಹುಡುಗನ ಓದು ಹೋತು" ಅಂತ ಕಣ್ಣೊರೆಸಿಕೊಂಡಳು. ನನಗೆ ಹಾಗನ್ನಿಸಲಿಲ್ಲ. ಒಂದನೇ ಕ್ಲಾಸಿನಿಂದ ಅವನಿಗೆ ಹಾಕಿದ ಅಷ್ಟೂ ಯೋಜನೆಯಲ್ಲಿ ಸೀಲಿತ್ತು, ಸಹಿಯಿತ್ತು, ಎನ್‌ಸಿಇಆರ್‌ಟಿ ಇತ್ತು; ಒಬ್ಬ ರೋಗಿ ಇರಲಿಲ್ಲ. ಹದಿನೆಂಟು ವರ್ಷದ ಮಕ್ಕಳಿಗೆ ನಾವು ಈ ಕೆಲಸವನ್ನು ಒಂದು ದಿನವೂ ತೋರಿಸದೆ ಜೀವನವಿಡೀ ಇದನ್ನೇ ಮಾಡು ಅನ್ನುತ್ತೇವೆ. ಕೀವು ಕಂಡರೆ ಕಣ್ಣು ಕತ್ತಲೆ ಬರುವವ, ಅಳುವವರ ಎದುರು ನಿಲ್ಲಲಾಗದವ, ಅಪರಿಚಿತರ ಜೊತೆ ಮಾತೇ ಬರದವ ಯಾರೆಂದು ತಿಳಿಯುವುದು ಸೀಟು ಸಿಕ್ಕು, ಫೀಸು ಕಟ್ಟಿ, ಊರಿಗೆಲ್ಲ ಪೇಡೆ ಹಂಚಿದ ಮೇಲೆ. ಹೆಣ್ಣು ನೋಡಲು ಹೋದಾಗ ಹುಡುಗ ಹುಡುಗಿಗೆ ಹತ್ತು ನಿಮಿಷ ಒಟ್ಟಿಗೆ ಕೂತು ಮಾತಾಡಲು ಬಿಡುತ್ತೇವೆ. ಇಲ್ಲಿ ಆ ಹತ್ತು ನಿಮಿಷವೂ ಇಲ್ಲ.

ಹಾಗಂತ ಲಾಂಗ್ ಟರ್ಮ್ ಒಳ್ಳೆಯದು, ಎಲ್ಲರೂ ಒಂದು ವರ್ಷ ಕಾಯಿರಿ ಅಂತ ನಾನು ಹೇಳುತ್ತಿಲ್ಲ. ಹೊಲ ಒತ್ತೆ ಇಟ್ಟು ಕಳಿಸಿದವರನ್ನು ನೋಡಿದ್ದೇನೆ, ನಾಲ್ಕು ಗೋಡೆಯ ನಡುವೆ ಮಂಕಾಗಿ ಬಂದ ಮಕ್ಕಳನ್ನೂ ನೋಡಿದ್ದೇನೆ. ಇಲ್ಲಿ ಸೀಟ್ ಆಗದೆ, ಖಾಸಗಿ ಕಾಲೇಜಿನ ದುಡ್ಡು ಹುಟ್ಟದೆ, ಉಕ್ರೇನಿಗೆ ಓದಲು ಹೋದ ಹಾವೇರಿ ಜಿಲ್ಲೆಯ ಹುಡುಗ 2022ರ ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಯುದ್ಧಕ್ಕೆ ಬಲಿಯಾದ. ಕಾಯುವುದಕ್ಕೂ ಬೆಲೆಯಿದೆ, ಕಾಯದೆ ಹೋಗುವುದಕ್ಕೂ. ಅಮೆರಿಕದ ದಾರಿ ಚೆಂದವೆಂದೂ ಅಲ್ಲ. ಎಂಟು ವರ್ಷದ ಸಾಲ ಹೊತ್ತು ಹೊರಗೆ ಬರುವ ಅಲ್ಲಿಯ ಡಾಕ್ಟರುಗಳ ಕಥೆ ಕೇಳಿದರೆ ನಮ್ಮ ಸರ್ಕಾರಿ ಸೀಟಿಗೆ ಇನ್ನೊಂದು ಹರಕೆ ಹೊರಬೇಕು ಅನ್ನಿಸುತ್ತದೆ. ಸೊಸೆಯೇ ಹೇಳಿದಳು: ಅವಳ ಜೊತೆಯವರು ಕೆಲವರು ಅರ್ಜಿಯಲ್ಲಿ ತುಂಬಲೆಂದೇ ಸೇವೆ ಮಾಡುತ್ತಾರಂತೆ, ಗಂಟೆ ತುಂಬಿದ ಮರುದಿನ ಅಜ್ಜಿಯರ ಕಡೆ ತಿರುಗಿಯೂ ನೋಡುವುದಿಲ್ಲವಂತೆ.

ಆದರೂ ಡಾಕ್ಟರಾದವನು ಬೇರೆ ಏನಾದರೂ ಒಂದಿಷ್ಟು ಓದಿರಲಿ, ಸುತ್ತಿರಲಿ ಅನ್ನುವ ಆಸೆ ನನಗೆ. ಕೊರವಂಜಿ ಪತ್ರಿಕೆಯನ್ನು 1942ರಲ್ಲಿ ಶುರುಮಾಡಿ ಕನ್ನಡಿಗರನ್ನು ಕಾಲು ಶತಮಾನ ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಹರಪನಹಳ್ಳಿಯ ನಮ್ಮ ಬೀಚಿಯವರು ಡಾಕ್ಟರಾಗದೆಯೂ ಅದೇ ಔಷಧಿ ಹಂಚಿದರು. ಈಗಿನ ಟೈಮ್‌ಟೇಬಲ್ಲಿನಲ್ಲಿ ರಾಶಿಯವರನ್ನು ಕೂರಿಸಿದ್ದರೆ ಕೊರವಂಜಿಗೆ ಯಾವ ಬಣ್ಣದ ಚೌಕ ಸಿಗುತ್ತಿತ್ತೋ ಏನೋ.

ಅಕ್ಕನ ಮಗನಿಗೆ ಕೊನೆಗೆ ಸೀಟ್ ಆತು, ಕೊಪ್ಪಳದ ಸರ್ಕಾರಿ ಕಾಲೇಜಿನಲ್ಲಿ. ನೀಲಿ ಫೈಲಿನ ಒಂದೊಂದು ಕಾಗದವೂ ಕೆಲಸಕ್ಕೆ ಬಂತು, ಅಫಿಡವಿಟ್ ಸಮೇತ. ಅವಳ ಮೈದುನ ಈಗ ತನ್ನ ಸಣ್ಣ ಮಗನನ್ನು ಕಾನ್ವೆಂಟಿನಿಂದ ಬಿಡಿಸಿ ಊರ ಶಾಲೆಗೆ ಹಾಕಿದರೆ ಹೇಗೆ ಅಂತ ಕೇಳುತ್ತಿದ್ದಾನೆ. ಹುಡುಗ ಐದನೇ ಕ್ಲಾಸಿನಲ್ಲಿದ್ದಾನೆ. ತಡವಾಯಿತು ಅಂತ ಅಕ್ಕ ಸಂತಾಪ ಸೂಚಿಸಿದಳು.

ಈಗ ಅವಳ ಮಗಳ ಸರದಿ. ನೀಟ್ ಬರೆದು ಬಂದಿದ್ದಾಳೆ. ಬಳ್ಳಾರಿಯ ಮೇ ಬಿಸಿಲು, ಒಂದೂವರೆಗೆ ಗೇಟು ಬಂದ್, ಅರ್ಧ ತೋಳಿನ ಅಂಗಿ, ಕಾಲಿಗೆ ಚಪ್ಪಲಿ, ಕಿವಿಯೋಲೆ ಬಿಚ್ಚಿ ಅವ್ವನ ಕೈಗೆ; ಹೊರಗೆ ಬೇವಿನ ಮರದಡಿ ಟವೆಲ್ ಹೊದ್ದು ಕೂತ ತಂದೆತಾಯಂದಿರ ಜಾತ್ರೆ. ಅದೆಲ್ಲ ಮುಗಿಯಿತು. ರಿಸಲ್ಟಿಗೆ ಜೂನ್ ಬರಬೇಕು, ಕೌನ್ಸೆಲಿಂಗ್ ಅದಾದ ಮೇಲೆ. ಆಪ್ಷನ್ ಎಂಟ್ರಿ, ಮಾಕ್ ಅಲಾಟ್‌ಮೆಂಟ್, ಡೆಂಟಲ್ ಆದರೂ ಇರಲಿ, ಆಯುರ್ವೇದ ಹಾಕೋಣವೋ ಬೇಡವೋ, ರೈತ ಕೋಟಾದಲ್ಲಿ ಅಗ್ರಿ ಸಿಕ್ಕರೆ ಬಿಡಬೇಕೋ ಹಿಡಿಯಬೇಕೋ ಅನ್ನುವ ಮಹಾಭಾರತಕ್ಕೆ ಇನ್ನೂ ಹೊತ್ತಿದೆ. ನಡುವೆ ನಾಲ್ಕಾರು ವಾರ ಖಾಲಿ. ಮಕ್ಕಳು ಎರಡು ವರ್ಷದ ನಿದ್ದೆಯನ್ನು ಆ ವಾರಗಳಲ್ಲೇ ತೀರಿಸಿಕೊಳ್ಳುತ್ತಾರೆ, ಅದು ಅವರ ಹಕ್ಕು. ನಿದ್ದೆ ಮುಗಿದ ಮೇಲೆ ಒಂದಿಷ್ಟು ದಿನ ಊರವರು ಯಾರಾದರೂ ದೊಡ್ಡಾಸ್ಪತ್ರೆಗೆ ಹೊರಟರೆ ಅವರ ಜೊತೆ ಇವಳನ್ನೂ ಕಳಿಸು ಅಂದೆ ಅಕ್ಕನಿಗೆ. ಚೀಟಿ ಮಾಡಿಸಲಿ, ಸಾಲಿನಲ್ಲಿ ನಿಲ್ಲಲಿ, ಡಾಕ್ಟರು ಹೇಳಿದ್ದನ್ನು ಮುದುಕಿಗೆ ತಿಳಿಯುವ ಹಾಗೆ ಹೇಳಲಿ. ಆಮೇಲೆ ಅವಳನ್ನೇ ಕೇಳು, ಈ ಕೆಲಸ ಬೇಕೋ ಬೇಡವೋ ಅಂತ.

ಅಕ್ಕ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದವಳು ಕೈ ನಿಲ್ಲಿಸಿ ಪೂರ್ತಿ ಕೇಳಿದಳು. ಮಾತು ಅವಳ ಮನಸ್ಸಿಗೆ ಹಿಡಿಸಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು.

"ಕಳಿಸ್ತೀನೋ ತಮ್ಮಾ, ಅದಕ್ಕೇನಂತ" ಅಂದಳು. "ಆದ್ರ, ಅದಕ್ಕೂ ಸರ್ಟಿಫಿಕೇಟ್ ಕೊಡ್ತಾರೇನು? ಬಿಇಒ ಮೇಲುರುಜು ಬೇಕಾಗ್ತತೇನು?"